ಸೋಲಾರ್ ಹಾಳೆಗೆ ಚಿನ್ನದ ಕಣ: ಲಾಭ ಎಷ್ಟು, ಎಲ್ಲಿ?

ಮಂಗಳೂರು, ಉಡುಪಿ ಕಡೆ ಸೋಲಾರ್ ಹಾಕಿಸುವ ಮಾತು ಬಂದರೆ ಬಿಸಿಲಿಗಿಂತ ಮೊದಲು ಮಾಡಿನ ಪ್ರಶ್ನೆ ಬರುತ್ತದೆ. ಹಳೆ ಮನೆಗಳಿಗೆ ಹಂಚು. ಕಾಂಕ್ರೀಟ್ ಮನೆ ಕಟ್ಟಿದವರೂ ಕೆಲವು ಮಳೆಗಾಲ ಸೋರಿಸಿಕೊಂಡ ಮೇಲೆ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸಿಬಿಡುತ್ತಾರೆ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂದಾಗ ತುಂಬ ಜನ ಲೆಕ್ಕ ಹಾಕತೊಡಗಿದರು. ಆದರೆ ಮನೆಗೆ ಹಾಕುವ ಒಂದು ಸಿಲಿಕಾನ್ ಪ್ಯಾನೆಲ್ 20 ಕಿಲೋಗೂ ಜಾಸ್ತಿ ತೂಗುತ್ತದೆ. 3 ಕಿಲೋವಾಟ್‌ಗೆ ಅಂಥವು ಐದಾರು ಬೇಕು, ಜೊತೆಗೆ ಸ್ಟ್ಯಾಂಡು. ಅಜ್ಜನ ಕಾಲದ ಪಕ್ಕಾಸು, ರೀಪು ಇದನ್ನೆಲ್ಲ ಹೊರುತ್ತದೆ ಎಂದು ಧೈರ್ಯವಾಗಿ ಹೇಳುವ ಮೇಸ್ತ್ರಿ ಸಿಗುವುದು ಕಷ್ಟ.

ಇಂಥ ಮಾಡುಗಳಿಗೆ ಹೇಳಿ ಮಾಡಿಸಿದ ಹಾಗೆ ಕಾಣುವುದು ಆರ್ಗ್ಯಾನಿಕ್ ಸೋಲಾರ್. ಇದರಲ್ಲಿ ಸಿಲಿಕಾನ್ ಇಲ್ಲ. ಬೆಳಕು ಹೀರುವ ಇಂಗಾಲದ ಅಣುಗಳನ್ನು ದ್ರಾವಣ ಮಾಡಿ, ಬಗ್ಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಮಾಡಬಹುದು. ಜರ್ಮನಿಯ ಹೆಲಿಯಾಟೆಕ್ ಕಂಪನಿ ಅಣುಗಳನ್ನು ಆವಿ ಮಾಡಿ ಹಾಳೆಯ ಮೇಲೆ ಕೂರಿಸುತ್ತದೆ. ಅದರ ಹಾಳೆ ಚದರ ಮೀಟರ್‌ಗೆ ಸುಮಾರು 2 ಕಿಲೋ, ಅಷ್ಟೇ. ಬೋಲ್ಟ್ ಬೇಡ, ಅಂಟಿಸಿದರೆ ಸಾಕು.

ಈ ಹಾಳೆಗಳ ದೊಡ್ಡ ಕೊರತೆ ಎಂದರೆ ಕರೆಂಟು ಕಡಿಮೆ. ಅದಕ್ಕೆ ಮದ್ದು ಎಂದು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಓಡಾಡುತ್ತಿರುವ ಮಾತು ಒಂದಿದೆ: ಚಿನ್ನ ಅಥವಾ ಬೆಳ್ಳಿಯ ನ್ಯಾನೋಕಣ ಸೇರಿಸಿ, ಸೌರಕೋಶ ಹೆಚ್ಚು ಬೆಳಕು ಹೀರುತ್ತದೆ, ದಕ್ಷತೆ (ಬಿದ್ದ ಬೆಳಕಿನಲ್ಲಿ ಕರೆಂಟಾಗುವ ಪಾಲು) ಶೇಕಡಾ 10, 20, ಕೆಲವೊಮ್ಮೆ 30ರಷ್ಟು ಏರುತ್ತದೆ. ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟುಗಳಲ್ಲೂ ಇದು ಈಗ ಮಾಮೂಲಿ ವಿಷಯ.

ಇದರ ಹಿಂದಿನ ಭೌತಶಾಸ್ತ್ರ ನಿಜ. ಆ ಶೇಕಡಾವಾರು ಮಾತ್ರ ಸುಮ್ನೆ ನಂಬುವಂಥದ್ದಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಈ ಕಣಗಳಿಗೆ ಒಂದು ಸರಿಯಾದ ಜಾಗ ಇದೆ, ಆದರೆ ಜನ ಅದನ್ನು ಬೇರೆಲ್ಲೋ ಹುಡುಕುತ್ತಿದ್ದಾರೆ.

ತೆಳುವಾದರೆ ಬೆಳಕು ಹೋಯಿತು, ದಪ್ಪವಾದರೆ ಕರೆಂಟು ಹೋಯಿತು

ಮೊದಲು ಕಣಗಳ ಅಗತ್ಯ ಯಾಕೆ ಬಂತು ನೋಡೋಣ.

ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಬಿಡುಗಡೆಯಾಗಿ ಓಡಾಡುತ್ತದೆ. ಆರ್ಗ್ಯಾನಿಕ್ ವಸ್ತುವಿನಲ್ಲಿ ಹಾಗಲ್ಲ. ಬೆಳಕು ಎಬ್ಬಿಸಿದ ಎಲೆಕ್ಟ್ರಾನು, ಅದು ಬಿಟ್ಟು ಬಂದ ಖಾಲಿ ಜಾಗದ ಜೊತೆಗೇ ಅಂಟಿಕೊಂಡಿರುತ್ತದೆ. ಈ ಜೋಡಿಗೆ ಎಕ್ಸಿಟಾನ್ ಎಂದು ಹೆಸರು. ಜೋಡಿಯನ್ನು ಬಿಡಿಸಿದರೆ ಮಾತ್ರ ಕರೆಂಟು. ಬಿಡಿಸಬೇಕಾದರೆ ಎಲೆಕ್ಟ್ರಾನನ್ನು ಎಳೆದುಕೊಳ್ಳುವ ಇನ್ನೊಂದು ವಸ್ತು ಹತ್ತಿರದಲ್ಲೇ ಇರಬೇಕು. ಎಷ್ಟು ಹತ್ತಿರ? ಸುಮಾರು 10 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್ ಇವೆ ಎಂದು ನೆನಪಿಟ್ಟುಕೊಂಡರೆ ಈ ದೂರ ಎಷ್ಟು ಸಣ್ಣದು ಎಂದು ಗೊತ್ತಾಗುತ್ತದೆ. ಅಷ್ಟರೊಳಗೆ ಆಸರೆ ಸಿಗದಿದ್ದರೆ ಜೋಡಿ ಮತ್ತೆ ಒಂದಾಗಿ, ಹೀರಿದ ಶಕ್ತಿ ಬಿಸಿಯಾಗಿಯೋ ಮಂದ ಬೆಳಕಾಗಿಯೋ ಹೋಗಿಬಿಡುತ್ತದೆ.

1986ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಪದರ ಒಂದರ ಮೇಲೊಂದು ಇಟ್ಟು ಸುಮಾರು ಶೇ 1 ದಕ್ಷತೆಯ ಕೋಶ ಮಾಡಿ ತೋರಿಸಿದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಅಲನ್ ಹೀಗರ್ ತಂಡ ಆ ಎರಡು ವಸ್ತುಗಳನ್ನು ಪದರ ಮಾಡುವ ಬದಲು ಬೆರೆಸಿಯೇ ಬಿಟ್ಟಿತು. ಬೆರೆಸಿದ ಮೇಲೆ ಎಲ್ಲಿ ಎಕ್ಸಿಟಾನ್ ಹುಟ್ಟಿದರೂ ಪಕ್ಕದಲ್ಲೇ ಗಡಿ ಸಿಗುತ್ತದೆ. ವಿದ್ಯುತ್ ಹರಿಸುವ ಪಾಲಿಮರ್‌ಗಳ ಕೆಲಸಕ್ಕೆ ಹೀಗರ್‌ಗೆ 2000ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾಲು ಸಿಕ್ಕಿತು. ಇವತ್ತಿನ ಆರ್ಗ್ಯಾನಿಕ್ ಕೋಶಗಳಲ್ಲಿ ಬಹುಪಾಲು ಇದೇ ಬೆರಕೆ ಜಾತಿಯವು.

ಬೆರೆಸಿದ್ದರಿಂದ ಅರ್ಧ ಸಮಸ್ಯೆ ಮಾತ್ರ ಹೋಯಿತು. ಬಿಡುಗಡೆಯಾದ ಚಾರ್ಜು ಆ ಗೋಜಲಿನಿಂದ ದಾರಿ ಮಾಡಿಕೊಂಡು ಎರಡೂ ಕಡೆಯ ಎಲೆಕ್ಟ್ರೋಡ್ ಮುಟ್ಟಬೇಕಲ್ಲ. ಈ ವಸ್ತುಗಳಲ್ಲಿ ಚಾರ್ಜು ಓಡುವ ಸಲೀಸು ಸಿಲಿಕಾನ್‌ಗಿಂತ ಲಕ್ಷಾಂತರ ಪಟ್ಟು ಕಡಿಮೆ. ದಾರಿ ಉದ್ದವಾದಷ್ಟೂ ನಡುವೆ ಸಿಕ್ಕಿಬಿದ್ದು ಕಳೆದುಹೋಗುವುದು ಜಾಸ್ತಿ. ಅಂಗಳದಲ್ಲಿ ಅಡಿಕೆ ದಪ್ಪಗೆ ಹರವಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಅಡಿಕೆ ಹಿಡಿಯುತ್ತದೆ ನಿಜ, ಆದರೆ ಅಡಿಯ ನೀರು ಹೊರಬರದೆ ಬೂಸ್ಟು ಹಿಡಿಯುತ್ತದೆ. ಇಲ್ಲೂ ಅದೇ ಕಥೆ. ಹಾಗಾಗಿ ಬೆಳಕು ಹೀರುವ ಪದರವನ್ನು ಸುಮಾರು 100 ನ್ಯಾನೋಮೀಟರ್‌ಗೆ ನಿಲ್ಲಿಸುವುದು ವಾಡಿಕೆಯಾಯಿತು. ಸಿಲಿಕಾನ್ ಬಿಲ್ಲೆ ಇದರ ಸಾವಿರ ಪಟ್ಟಿಗೂ ಹೆಚ್ಚು ದಪ್ಪ.

ಈಗ ಬೆಳಕಿನ ಕಡೆಯಿಂದ ನೋಡಿ. ಹಸಿರು ಬೆಳಕಿನ ತರಂಗಾಂತರವೇ ಸುಮಾರು 550 ನ್ಯಾನೋಮೀಟರ್. ಅದರ ಐದನೇ ಒಂದು ಭಾಗದಷ್ಟು ತೆಳುವಾದ ಪದರ ಬೆಳಕನ್ನು ಪೂರ್ತಿ ಹಿಡಿದಿಡಲಾರದು. ಬೆಳಕು ಒಳಗೆ ಹೋಗಿ, ಹಿಂದಿನ ಲೋಹದ ಎಲೆಕ್ಟ್ರೋಡಿಗೆ ಬಡಿದು, ತಿರುಗಿ ಬಂದು, ಉಳಿದದ್ದು ಆಚೆ ಹೋಗುತ್ತದೆ. ಸಿಲಿಕಾನ್‌ನಲ್ಲಿ ಹೀಗಾಗದಂತೆ ಮೇಲ್ಮೈಯಲ್ಲೇ ಕೆಲವು ಮೈಕ್ರಾನ್ ಎತ್ತರದ ಸಣ್ಣ ಪಿರಮಿಡ್ ಕೊರೆಯುತ್ತಾರೆ. ಬೆಳಕು ಓರೆಯಾಗಿ ಒಳಹೊಕ್ಕು ಹೆಚ್ಚು ದೂರ ಸಾಗುತ್ತದೆ. 100 ನ್ಯಾನೋಮೀಟರ್ ಪದರದಲ್ಲಿ ಮೈಕ್ರಾನ್ ಗಾತ್ರದ ಪಿರಮಿಡ್ ಕೊರೆಯಲು ಜಾಗವೇ ಇಲ್ಲ. ಬೆಳಕನ್ನು ಹಿಡಿಯುವ ಸಾಧನವೂ ಪದರಕ್ಕೆ ತಕ್ಕಷ್ಟು ಸಣ್ಣದಿರಬೇಕು. ಲೋಹದ ನ್ಯಾನೋಕಣ ಬಂದದ್ದು ಇಲ್ಲಿ.

ಕಣ ಮಾಡುವ ಕೆಲಸ

ಚಿನ್ನದ ಒಳಗೆ ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಓಡಾಡುತ್ತಿರುತ್ತವೆ. ಚಿನ್ನವನ್ನು 20 ನ್ಯಾನೋಮೀಟರ್ ಗಾತ್ರದ ಕಣ ಮಾಡಿದರೆ, ಮೇಲೆ ಬಿದ್ದ ಬೆಳಕು ಆ ಎಲೆಕ್ಟ್ರಾನ್‌ಗಳನ್ನೆಲ್ಲ ಒಟ್ಟಾಗಿ ಆ ಕಡೆಗೂ ಈ ಕಡೆಗೂ ತೂಗಾಡಿಸುತ್ತದೆ. ಒಂದು ನಿರ್ದಿಷ್ಟ ಬಣ್ಣಕ್ಕೆ ಈ ತೂಗಾಟ ತುಂಬ ಜೋರು. ಇದೇ ಪ್ಲಾಸ್ಮಾನ್. ನೀರಿನಲ್ಲಿ ತೇಲುವ ಸಣ್ಣ ಚಿನ್ನದ ಕಣಕ್ಕೆ ಅದು ಸುಮಾರು 520 ನ್ಯಾನೋಮೀಟರ್, ಅಂದರೆ ಹಸಿರು. ಹಸಿರನ್ನು ಅದು ನುಂಗುವುದರಿಂದ ದ್ರಾವಣ ಕೆಂಪಾಗಿ ಕಾಣುತ್ತದೆ. ಬೆಳ್ಳಿಗೆ ಸುಮಾರು 400, ನೇರಳೆ ಕಡೆ. ಹಾಗಾಗಿ ಬೆಳ್ಳಿಯ ದ್ರಾವಣ ಹಳದಿ.

ವಿದ್ಯೆ ಹಳೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 4ನೇ ಶತಮಾನದ ರೋಮನ್ ಗಾಜಿನ ಬಟ್ಟಲೊಂದಿದೆ. ಎದುರಿನಿಂದ ಬೆಳಕು ಬಿದ್ದರೆ ಹಸಿರು, ಹಿಂದಿನಿಂದ ಬಿದ್ದರೆ ಕೆಂಪು. ಗಾಜಿನೊಳಗಿನ ಚಿನ್ನ ಮತ್ತು ಬೆಳ್ಳಿಯ ಅತಿ ಸಣ್ಣ ಕಣಗಳೇ ಕಾರಣ. ಮಾಡಿದವನಿಗೆ ಕಾರಣ ಗೊತ್ತಿದ್ದಿರಲಾರದು. 1857ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನದ ಕೆಂಪು ದ್ರಾವಣ ಮಾಡಿ, ಕಣ ಸಣ್ಣದಾದದ್ದೇ ಬಣ್ಣಕ್ಕೆ ಕಾರಣ ಎಂದು ಊಹಿಸಿದರು. 1908ರಲ್ಲಿ ಗುಸ್ತಾವ್ ಮೀ ಅದಕ್ಕೆ ಗಣಿತ ಬರೆದರು. 1951ರಲ್ಲಿ ಟರ್ಕೆವಿಚ್ ಕೊಟ್ಟ ವಿಧಾನ ಎಷ್ಟು ಸುಲಭ ಎಂದರೆ ಇವತ್ತು ಯಾವ ಕಾಲೇಜಿನ ಲ್ಯಾಬಿನಲ್ಲೂ ಆಗುತ್ತದೆ: ಕುದಿಯುವ ಗೋಲ್ಡ್ ಕ್ಲೋರೈಡ್ ದ್ರಾವಣಕ್ಕೆ ಸಿಟ್ರೇಟ್ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕೆಂಪು ಬಂದುಬಿಡುತ್ತದೆ. ತುಳಸಿ, ಬೇವಿನ ಎಲೆಯ ರಸದಿಂದ ಬೆಳ್ಳಿ ಕಣ ಮಾಡುವ ಪ್ರಾಜೆಕ್ಟ್ ನಮ್ಮ ಜಿಲ್ಲೆಗಳ ಕಾಲೇಜುಗಳಿಗೂ ಹೊಸತಲ್ಲ. ಎಲೆ ರಸದ ಕಣಗಳಿಗೆ ಗಾತ್ರ ಒಂದೇ ಸಮ ಇರುವುದಿಲ್ಲ, ಮೈಗೆ ಏನೇನೋ ಅಂಟಿಕೊಂಡಿರುತ್ತದೆ. ಸೌರಕೋಶಕ್ಕೆ ಅದು ಒಗ್ಗುವುದು ಕಷ್ಟ. ಯಾಕೆಂದರೆ ಇಲ್ಲಿ ಗಾತ್ರವೇ ಎಲ್ಲ.

ಆ ಗಾತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಣದ ಮೇಲೆ ಬಿದ್ದ ಬೆಳಕಿಗೆ ಎರಡು ಗತಿ. ಒಂದೋ ಕಣವೇ ಅದನ್ನು ನುಂಗಿ ಬಿಸಿಯಾಗುತ್ತದೆ, ಇಲ್ಲವೇ ಬೇರೆ ದಿಕ್ಕಿಗೆ ಚದುರಿಸುತ್ತದೆ. ನುಂಗುವುದು ಕಣದ ಘನ ಅಳತೆಯ ಜೊತೆ ಏರುತ್ತದೆ. ಚದುರಿಸುವುದು ಆ ಅಳತೆಯ ವರ್ಗದಂತೆ ಏರುತ್ತದೆ. ಅಂದರೆ ಸಣ್ಣ ಕಣದ ವ್ಯಾಸ ಎರಡು ಪಟ್ಟಾದರೆ ನುಂಗುವುದು 8 ಪಟ್ಟು, ಚದುರಿಸುವುದು 64 ಪಟ್ಟು. ಹಾಗಾಗಿ 20 ನ್ಯಾನೋಮೀಟರ್ ಚಿನ್ನದ ಕಣ ಮುಖ್ಯವಾಗಿ ಬೆಳಕು ನುಂಗುತ್ತದೆ. ನಮಗೆ ಬೇಕಾದದ್ದು ಪಾಲಿಮರ್ ಹೀರುವುದು, ಚಿನ್ನ ಹೀರುವುದಲ್ಲ. ಚಿನ್ನ ಹೀರಿದ್ದು ಬಹುಪಾಲು ಸುಮ್ನೆ ಬಿಸಿ. ಕಣ 50 ನ್ಯಾನೋಮೀಟರ್ ದಾಟಿ ದೊಡ್ಡದಾದಂತೆ ಚದುರಿಸುವ ಕೆಲಸ ಮೇಲುಗೈ ಪಡೆಯುತ್ತದೆ.

ಹಾಗಾದರೆ ಸಣ್ಣ ಕಣ ಯಾಕೆ ಬೇಕು? ಅದರ ಮೈಗೆ ಒತ್ತಿಕೊಂಡ ಜಾಗದಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಹಲವು ಪಟ್ಟು ಜೋರಾಗುತ್ತದೆ. ಆ ಜಾಗದಲ್ಲಿ ಪಾಲಿಮರ್ ಇದ್ದರೆ ಅದು ಹೆಚ್ಚು ಹೀರುತ್ತದೆ. ಆದರೆ ಈ ಜೋರು ಹತ್ತಿಪ್ಪತ್ತು ನ್ಯಾನೋಮೀಟರ್ ದೂರದಲ್ಲೇ ಸೋತುಹೋಗುತ್ತದೆ. ದೊಡ್ಡ ಕಣದ ಉಪಯೋಗ ಬೇರೆ ಥರದ್ದು. ನೇರ ಬಂದ ಬೆಳಕನ್ನು ಅಡ್ಡ ತಿರುಗಿಸುತ್ತದೆ. ಅಡ್ಡ ಹೋದ ಬೆಳಕು ಪದರದ ಉದ್ದಕ್ಕೂ ಸಾಗುವುದರಿಂದ ಹೀರಿಕೊಳ್ಳಲು ಅವಕಾಶ ಜಾಸ್ತಿ. 2010ರಲ್ಲಿ ಹ್ಯಾರಿ ಆಟ್‌ವಾಟರ್ ಮತ್ತು ಆಲ್ಬರ್ಟ್ ಪೋಲ್ಮನ್ ಇವೆಲ್ಲವನ್ನೂ ಸೇರಿಸಿ ಬರೆದ ಲೇಖನ ನೇಚರ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ಬಂತು. ಆ ಮೇಲೆ ಈ ಕ್ಷೇತ್ರಕ್ಕೆ ಜನ ಮುಗಿಬಿದ್ದರು.

ಎಲ್ಲಿ ಇಡಬೇಕು ಎಂಬಲ್ಲಿ ಜಗಳ ಶುರು. ಹೀರುವ ಪದರದ ಒಳಗೇ ಬರಿಯ ಲೋಹದ ಕಣ ಹಾಕಿದರೆ, ಪಕ್ಕದ ಎಕ್ಸಿಟಾನ್‌ಗಳನ್ನು ಅದೇ ಕೊಂದುಬಿಡುತ್ತದೆ. ಚಾರ್ಜುಗಳೂ ಅಲ್ಲೇ ಸೇರಿ ನಾಶವಾಗುತ್ತವೆ. ಅದಕ್ಕೆ ಕಣದ ಸುತ್ತ ಕೆಲವೇ ನ್ಯಾನೋಮೀಟರ್ ದಪ್ಪದ, ಗಾಜಿನಂಥ ಸಿಲಿಕಾದ ಕವಚ ಹೊದಿಸುತ್ತಾರೆ. ಕವಚ ದಪ್ಪವಾದರೆ ಜೋರಾದ ಕ್ಷೇತ್ರ ಕವಚದಲ್ಲೇ ಮುಗಿದುಹೋಗುತ್ತದೆ. ಇನ್ನೊಂದು ದಾರಿ, ಎಲೆಕ್ಟ್ರೋಡಿಗೂ ಹೀರುವ ಪದರಕ್ಕೂ ನಡುವೆ ಇರುವ ಪೆಡಾಟ್ ಎಂಬ, ವಿದ್ಯುತ್ ಹರಿಸುವ ಪಾಲಿಮರಿನ ಪದರದಲ್ಲಿ ಕಣ ಬೆರೆಸುವುದು. ಅದು 30, 40 ನ್ಯಾನೋಮೀಟರ್ ದಪ್ಪ. ಎಕ್ಸಿಟಾನ್ ಸಾಯುವ ಭಯ ಇಲ್ಲ. ಆದರೆ ಅದರೊಳಗೆ ಹುದುಗಿದ ಸಣ್ಣ ಕಣದ ಪ್ರಭಾವ ಹೀರುವ ಪದರವನ್ನು ಮುಟ್ಟುವುದೇ ಅನುಮಾನ. 60 ನ್ಯಾನೋಮೀಟರ್ ಕಣ ಹಾಕಿದರೆ ಅದು ಪದರದಿಂದ ಹೊರಗೆ ಚಾಚುತ್ತದೆ, 100 ನ್ಯಾನೋಮೀಟರ್ ದಪ್ಪದ ಕೋಶದಲ್ಲಿ ಶಾರ್ಟ್ ಆಗುವ ಸಾಧ್ಯತೆ ಹೆಚ್ಚುತ್ತದೆ.

ಶೇಕಡಾ ಎಷ್ಟರ ಶೇಕಡಾ?

ಈ ವಿಷಯದಲ್ಲಿ ಬರುವ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಏರಿಕೆಯನ್ನಲ್ಲ, ಏರುವ ಮೊದಲು ಎಷ್ಟಿತ್ತು ಎಂಬುದನ್ನು.

ಸೌರಕೋಶದ ದಕ್ಷತೆ ಮೂರು ಸಂಖ್ಯೆಗಳ ಗುಣಲಬ್ಧ: ಕರೆಂಟು, ವೋಲ್ಟೇಜು, ಮತ್ತು ಫಿಲ್ ಫ್ಯಾಕ್ಟರ್ (ಗರಿಷ್ಠ ಕರೆಂಟು, ಗರಿಷ್ಠ ವೋಲ್ಟೇಜಿನ ಗುಣಲಬ್ಧದಲ್ಲಿ ನಿಜವಾಗಿ ಕೈಗೆ ಸಿಗುವ ಪಾಲು). ಚದರ ಸೆಂಟಿಮೀಟರ್‌ಗೆ 10 ಮಿಲಿಆಂಪ್, 0.6 ವೋಲ್ಟ್, 0.6 ಫಿಲ್ ಫ್ಯಾಕ್ಟರ್ ಇದ್ದರೆ ದಕ್ಷತೆ ಶೇ 3.6. ಪಿ3ಎಚ್‌ಟಿ ಎಂಬ ಪಾಲಿಮರಿಗೆ, ಎಲೆಕ್ಟ್ರಾನ್ ಎಳೆದುಕೊಳ್ಳುವ ಪಿಸಿಬಿಎಂ ಎಂಬ ಅಣು ಬೆರೆಸಿ ಮಾಡುವ ಹಳೆ ಕೋಶ ಹೆಚ್ಚು ಕಡಿಮೆ ಇಷ್ಟರಲ್ಲೇ ನಿಲ್ಲುತ್ತಿತ್ತು. ಪ್ಲಾಸ್ಮಾನ್ ಪ್ರಯೋಗಗಳಲ್ಲಿ ದೊಡ್ಡ ಪಾಲು ನಡೆದದ್ದು ಈ ಕೋಶದ ಮೇಲೆ. ಅದರ ಕರೆಂಟು ಶೇ 20 ಏರಿದರೆ ದಕ್ಷತೆ 3.6ರಿಂದ 4.3 ಆಗುತ್ತದೆ. "ಶೇ 20 ಹೆಚ್ಚಳ" ಎಂದು ಬರೆದರೆ ಸುಳ್ಳಲ್ಲ. ಚಾವಣಿಯ ಲೆಕ್ಕದಲ್ಲಿ ಅದು 0.7.

ಈ ನಡುವೆ ಬೇರೊಂದು ದಾರಿಯಲ್ಲಿ ದೊಡ್ಡ ಜಿಗಿತ ಆಗಿಹೋಯಿತು. 2019ರಲ್ಲಿ ಚೀನಾದಲ್ಲಿ ವೈ6 ಎಂಬ ಅಣು ಬಂತು. ಅದನ್ನು ಬಳಸಿದ ಕೋಶ ಶೇ 15.7 ಮುಟ್ಟಿತು. ಲೋಹದ ಕಣ ಇಲ್ಲದೆ. ಅದರ ಮಕ್ಕಳು ಮೊಮ್ಮಕ್ಕಳಂಥ ಅಣುಗಳಿಂದ ಲ್ಯಾಬಿನ ಕೋಶಗಳು ಈಗ ಶೇ 20ರ ಹತ್ತಿರ ಬಂದು, ಅದನ್ನು ದಾಟಿಯೂ ಇವೆ. ವೈ6 ಸುಮಾರು 900 ನ್ಯಾನೋಮೀಟರ್‌ವರೆಗೆ, ಅಂದರೆ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನೂ ಹೀರುತ್ತದೆ. ಒಳ್ಳೆಯ ಕೋಶದಲ್ಲಿ ಅನೇಕ ಬಣ್ಣಗಳಿಗೆ ಬಿದ್ದ 100 ಫೋಟಾನ್‌ಗಳಲ್ಲಿ 80ಕ್ಕೂ ಹೆಚ್ಚು ಕರೆಂಟಾಗುತ್ತವೆ. ಇನ್ನು ಹಿಡಿಯಲು ಉಳಿದದ್ದೇ ಕಡಿಮೆ ಅಲ್ವಾ? ಇಂಥ ಕೋಶದಲ್ಲಿ ಕಣದಿಂದ ಕರೆಂಟು ಶೇ 3 ಏರಿತು ಎಂದುಕೊಳ್ಳಿ, 15.7 ಇದ್ದದ್ದು 16.2 ಆಗುತ್ತದೆ.

10 ಚದರ ಮೀಟರ್ ಶೀಟಿನ ಮೇಲೆ ಪೂರ್ತಿ ಬಿಸಿಲಿಗೆ ಲೆಕ್ಕ ಹಾಕಿದರೆ ಹಳೆ ಕೋಶ 360 ವಾಟ್, ಕಣ ಹಾಕಿದ ಹಳೆ ಕೋಶ 430, ಕಣ ಇಲ್ಲದ ವೈ6 ಕೋಶ 1,570. ಲ್ಯಾಬಿನ ಸಣ್ಣ ಕೋಶದ ದಕ್ಷತೆ ದೊಡ್ಡ ಹಾಳೆಯಲ್ಲಿ ಹಾಗೇ ಸಿಗುವುದಿಲ್ಲ, ಅದು ಬೇರೆ ಮಾತು. ಆದರೂ ಅಣು ಬದಲಿಸಿದ್ದರ ಮುಂದೆ ಕಣ ಸೇರಿಸಿದ್ದು ಎಷ್ಟು ಎಂಬುದು ಕಾಣುತ್ತದೆ. ಇನ್ನೂ ಒಂದು ವಿಷಯ: ವೈ6 ಕೋಶವನ್ನು 300 ನ್ಯಾನೋಮೀಟರ್ ದಪ್ಪ ಮಾಡಿದಾಗಲೂ ಶೇ 13ಕ್ಕಿಂತ ಹೆಚ್ಚು ದಕ್ಷತೆ ಸಿಕ್ಕಿತ್ತು. ಪದರ ತೆಳುವಾಗಿಯೇ ಇರಬೇಕೆಂಬ ಕಟ್ಟುಪಾಡು ಸಡಿಲವಾದರೆ, ಕಣ ಬೇಕೆಂಬ ವಾದದ ಬುಡವೇ ಅಲ್ಲಾಡುತ್ತದೆ. ಪ್ರಿಂಟ್ ಮಾಡುವವರಿಗೂ ದಪ್ಪ ಪದರವೇ ಇಷ್ಟ. 100 ನ್ಯಾನೋಮೀಟರನ್ನು ಮೀಟರುಗಟ್ಟಲೆ ಉದ್ದಕ್ಕೆ ತೂತಿಲ್ಲದೆ ಎಳೆಯುವುದು ಸಣ್ಣ ಕೆಲಸವಲ್ಲ.

ಏರಿಕೆ ಬಂದದ್ದು ನಿಜವಾಗಿ ಪ್ಲಾಸ್ಮಾನ್‌ನಿಂದಲೇ ಎಂದು ಗೊತ್ತಾಗುವುದು ಹೇಗೆ? ಕಣ ಹಾಕಿದಾಗ ಬೆಳಕಿನ ಜೊತೆ ಬೇರೆ ಸಂಗತಿಗಳೂ ಬದಲಾಗುತ್ತವೆ. ಪೆಡಾಟ್ ಪದರ ಒರಟಾಗಿ ಹೀರುವ ಪದರದ ಜೊತೆ ಹೆಚ್ಚು ಜಾಗದಲ್ಲಿ ತಾಗುತ್ತದೆ. ಅದರ ವಿದ್ಯುತ್ ವಾಹಕತೆ ಬದಲಾಗಬಹುದು. ಈ ಕಾರಣಕ್ಕೂ ಕರೆಂಟು ಏರುತ್ತದೆ. ಪ್ರತಿ ಬಣ್ಣಕ್ಕೆ ಬೇರೆ ಬೇರೆಯಾಗಿ ಕರೆಂಟು ಅಳೆದು ನೋಡಬೇಕು. ಕಣದ ಪ್ಲಾಸ್ಮಾನ್ ಇರುವ ಬಣ್ಣದ ಸುತ್ತಮುತ್ತ ಏರಿದ್ದರೆ ನಂಬಬಹುದು. ಎಲ್ಲ ಬಣ್ಣಕ್ಕೂ ಒಂದೇ ಸಮ ಏರಿದ್ದರೆ ಕೆಲಸ ಮಾಡಿದ್ದು ಬೇರೆ ಏನೋ. ಅಷ್ಟೇ ಗಾತ್ರದ ಸಿಲಿಕಾ ಕಣ ಹಾಕಿದ ಕೋಶವನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು. ಸಿಲಿಕಾಕ್ಕೆ ಪ್ಲಾಸ್ಮಾನ್ ಇಲ್ಲ. ಅದರಲ್ಲೂ ಅಷ್ಟೇ ಏರಿಕೆ ಕಂಡರೆ ಚಿನ್ನದ ಹೆಸರು ಹೇಳುವಂತಿಲ್ಲ. ಆರ್ಗ್ಯಾನಿಕ್ ಕೋಶಗಳಲ್ಲಿ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಕೆಲವು ಶೇಕಡಾ ವ್ಯತ್ಯಾಸ ಹೇಗೂ ಇರುತ್ತದೆ. ಕಣ ಹಾಕಿದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿ, ಹಾಕದ್ದರಲ್ಲಿ ಸಾಧಾರಣದೊಂದರ ಜೊತೆ ಹೋಲಿಸಿದರೆ ಶೇ 5 ಏರಿಕೆ ಸುಲಭವಾಗಿ ಹುಟ್ಟುತ್ತದೆ.

ಬಣ್ಣದ ಆಯ್ಕೆಯಲ್ಲೂ ಒಂದು ಎಡವಟ್ಟು ಕಾಣುತ್ತದೆ. ಪಿ3ಎಚ್‌ಟಿ ಹಸಿರನ್ನು ಮೊದಲೇ ಚೆನ್ನಾಗಿ ಹೀರುತ್ತದೆ. ದುಂಡು ಚಿನ್ನದ ಕಣವೂ ಹಸಿರಿಗೇ ಕುಣಿಯುತ್ತದೆ. "ಎರಡೂ ಹೊಂದುತ್ತವೆ" ಎಂದು ಇದನ್ನು ಒಳ್ಳೆಯದೆಂಬಂತೆ ಬರೆಯುವವರಿದ್ದಾರೆ. ಚೆನ್ನಾಗಿ ಹೀರುವ ಕಡೆ ಸಹಾಯ ಯಾಕೆ ಬೇಕು? ಸಹಾಯ ಬೇಕಾದದ್ದು 600ರ ಆಚೆ, ಅದರ ಹೀರುವಿಕೆ ಸೋಲುವ ಅಂಚಿನಲ್ಲಿ. ಅಲ್ಲಿಗೆ ಕಡ್ಡಿಯಾಕಾರದ ಚಿನ್ನದ ಕಣ ಬೇಕು. ಕಡ್ಡಿ ಉದ್ದವಾದಂತೆ ಪ್ಲಾಸ್ಮಾನ್ ಕೆಂಪಿನ ಕಡೆ, ಅದರಾಚೆಗೂ ಸರಿಯುತ್ತದೆ.

ಚಿನ್ನ ದುಬಾರಿ ಎಂಬ ಆಕ್ಷೇಪ ಮಾತ್ರ ಅಷ್ಟು ಗಟ್ಟಿಯಲ್ಲ. ಒಂದು ಚದರ ಮೀಟರಿನ ಕಣಗಳನ್ನೆಲ್ಲ ಕರಗಿಸಿ ಹರಡಿದರೆ 1 ನ್ಯಾನೋಮೀಟರ್ ದಪ್ಪ ಬರುತ್ತದೆ ಎಂದಿಟ್ಟುಕೊಳ್ಳಿ. ಅದರ ತೂಕ 19 ಮಿಲಿಗ್ರಾಮ್. ಗ್ರಾಮಿಗೆ ಹತ್ತು ಸಾವಿರ ಎಂದು ಹಿಡಿದರೆ ಚಿನ್ನದ ಖರ್ಚು 190 ರೂಪಾಯಿ. ಉಡುಪಿಯ ರಥಬೀದಿ ಅಂಗಡಿಯಲ್ಲಿ ಮೂಗುತಿಗೂ ಸಾಕಾಗದ ಮೊತ್ತ. ಕಣವನ್ನು ಒಂದೇ ಗಾತ್ರಕ್ಕೆ ಮಾಡುವುದು, ಕವಚ ಹಾಕುವುದು, ಗುಂಪುಗೂಡದಂತೆ ಹರಡುವುದು, ಖರ್ಚು ಇರುವುದು ಅಲ್ಲಿ.

ಉಪ್ಪು ಗಾಳಿಯ ಊರಿನಲ್ಲಿ

ಲ್ಯಾಬಿನ ಸಂಖ್ಯೆಗಳೆಲ್ಲ 25 ಡಿಗ್ರಿ ಸೆಲ್ಸಿಯಸ್, ಚದರ ಮೀಟರ್‌ಗೆ 1,000 ವಾಟ್ ಬೆಳಕು ಎಂಬ ಶರತ್ತಿನ ಮೇಲೆ ಬಂದವು. ಕೋಶ ತಯಾರಾಗುವುದು ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬೆಳಿಗ್ಗೆಯ ತೇವಾಂಶ ಶೇ 90ರ ಆಸುಪಾಸು. ಗಾಳಿಯಲ್ಲಿ ಉಪ್ಪು. ಮಲ್ಪೆ, ಪಣಂಬೂರು ಕಡೆ ಕಿಟಕಿ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಅಲ್ಲಿಯವರನ್ನು ಕೇಳಬೇಕಾಗಿಲ್ಲ.

ಮೋಡದ ಬೆಳಕು ಆರ್ಗ್ಯಾನಿಕ್ ಕೋಶಕ್ಕೆ ಅಷ್ಟೇನೂ ಕೆಟ್ಟದ್ದಲ್ಲ. ಮಂದ ಬೆಳಕಿನಲ್ಲಿ ಅದರ ದಕ್ಷತೆ ಹೆಚ್ಚು ಕುಸಿಯುವುದಿಲ್ಲ. ಶತ್ರು ನೀರಿನ ಆವಿ ಮತ್ತು ಆಮ್ಲಜನಕ. ಪೆಡಾಟ್ ಪದರ ನೀರು ಎಳೆದುಕೊಳ್ಳುತ್ತದೆ, ಸಾಲದ್ದಕ್ಕೆ ಅದು ಆಮ್ಲೀಯ, ಕೆಳಗಿನ ಪಾರದರ್ಶಕ ಎಲೆಕ್ಟ್ರೋಡನ್ನು ನಿಧಾನಕ್ಕೆ ತಿನ್ನುತ್ತದೆ. ಹಾಗಾಗಿ ಹಾಳೆಯನ್ನು ಮುಚ್ಚುವ ಪ್ಲಾಸ್ಟಿಕ್ ಮಾಮೂಲಿಯದ್ದಾದರೆ ನಡೆಯುವುದಿಲ್ಲ. ಒಂದು ಚದರ ಮೀಟರಿನಿಂದ ದಿನಕ್ಕೆ ಗ್ರಾಮಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಆವಿ ಒಳನುಗ್ಗುವಂತಿರಬೇಕು. ಹಾಳೆಯ ಬೆಲೆಯಲ್ಲಿ ಇಂಥ ಹೊದಿಕೆಯ ಪಾಲು ಸಣ್ಣದಲ್ಲ. ಹೀಗರ್ ಅವರೂ ಸ್ಥಾಪಕರಲ್ಲಿ ಒಬ್ಬರಾಗಿದ್ದ ಅಮೆರಿಕದ ಕೊನಾರ್ಕಾ ಕಂಪನಿ 2001ರಲ್ಲಿ ಶುರುವಾಗಿ 2012ರಲ್ಲಿ ದಿವಾಳಿಯಾಯಿತು. ಆ ವರ್ಷಗಳಲ್ಲಿ ಸಿಲಿಕಾನ್ ಬೆಲೆ ಬಿದ್ದ ರಭಸಕ್ಕೆ ಕಡಿಮೆ ದಕ್ಷತೆ, ಕಡಿಮೆ ಆಯಸ್ಸಿನ ಹಾಳೆ ನಿಲ್ಲಲಿಲ್ಲ.

ಇಂಥ ಕೋಶದೊಳಗೆ ಬೆಳ್ಳಿ ಕಣ ಹಾಕುವುದೆಂದರೆ ಇನ್ನೊಂದು ಸೂಕ್ಷ್ಮ ವಸ್ತುವನ್ನು ಒಳಗೆ ಕರೆದುಕೊಂಡ ಹಾಗೆ. ಬೆಳ್ಳಿ ಗಂಧಕದ ಜೊತೆ ಸೇರಿ ಕಪ್ಪಾಗುತ್ತದೆ. ಉಪ್ಪಿನ ಕ್ಲೋರೈಡ್ ಜೊತೆ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಕಣ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈ ಜಾಸ್ತಿ, ಹಾಗಾಗಿ ಹಾಳಾಗುವುದೂ ಬೇಗ. ಕಣದ ಮೈ ಬದಲಾದರೆ ಪ್ಲಾಸ್ಮಾನ್ ಬಣ್ಣವೂ ಜರುಗುತ್ತದೆ. ಬೆಳ್ಳಿಯ ಅಯಾನು ಅತ್ತಿತ್ತ ಸರಿದಾಡುವುದೂ ಗೊತ್ತಿರುವ ವಿಷಯ. ಚಿನ್ನಕ್ಕೆ ಈ ಗೋಳಿಲ್ಲ. ಬೆಳ್ಳಿ ಬೆಳಕಿನ ವಿಷಯದಲ್ಲಿ ಚಿನ್ನಕ್ಕಿಂತ ಒಳ್ಳೆಯದು, ಕಡಿಮೆ ನುಂಗುತ್ತದೆ. ಆದರೆ ಕಡಲ ತಡಿಯಲ್ಲಿ ನಾನಾದರೆ ಚಿನ್ನವನ್ನೇ ಆರಿಸುತ್ತೇನೆ.

ಈ ಭಾಗಕ್ಕೆ ಸೋಲಾರ್ ಹೊಸತಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಕಂಪನಿ ದಕ್ಷಿಣ ಕನ್ನಡ, ಉಡುಪಿಯ ಹಳ್ಳಿ ಮನೆಗಳಿಗೆ ಬ್ಯಾಂಕ್ ಸಾಲದ ಮೂಲಕ ಸೋಲಾರ್ ದೀಪ ಮುಟ್ಟಿಸಿದ್ದನ್ನು ಹಳಬರು ನೋಡಿದ್ದಾರೆ. ಕೊಂಡವರು ದಕ್ಷತೆ ಎಷ್ಟು ಎಂದು ಕೇಳಿದವರಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ದೀಪ ಉರಿಯುತ್ತದಾ, ಹಾಳಾದರೆ ಯಾರು ಬರುತ್ತಾರೆ ಎಂದು ಕೇಳಿದರು. ಹಾಳೆಗೂ ಅದೇ ಪ್ರಶ್ನೆ. ನನ್ನ ಮಾಡಿಗೆ ಹಾಕುವುದಾದರೆ, 16 ಶೇಕಡಾದ ಹಾಳೆ ಎರಡು ಮಳೆಗಾಲ ಬಾಳುವುದಕ್ಕಿಂತ 12ರದ್ದು ಹತ್ತು ಮಳೆಗಾಲ ಬಾಳುವುದು ಒಳ್ಳೆಯದು.

ಹಾಗಾದರೆ ಕಣಗಳು ಬೇಡವೇ? ಒಂದು ಕಡೆ ಬೇಕು ಅನಿಸುತ್ತದೆ: ಅರೆಪಾರದರ್ಶಕ ಹಾಳೆ. ಹಂಚಿನ ಮನೆಯ ಅಡುಗೆಮನೆಗೆ ಬೆಳಕು ಬರಲು ಒಂದೆರಡು ಗಾಜಿನ ಹಂಚು ಹಾಕುತ್ತಾರಲ್ಲ, ಅಂಥ ಜಾಗ. ಅಥವಾ ಪಾಲಿಥೀನ್ ಶೀಟಿನಡಿ ಅಡಿಕೆ ಒಣಗಿಸುವ ಡ್ರೈಯರ್, ನರ್ಸರಿಯ ಚಪ್ಪರ. ಅಲ್ಲಿ ಕಣ್ಣಿಗೆ ಕಾಣುವ ಬೆಳಕು ಕೆಳಗಿಳಿಯಬೇಕು, ಕೆಂಪಿನಾಚೆಯದ್ದು ಕರೆಂಟಾಗಬೇಕು. ಆರ್ಗ್ಯಾನಿಕ್ ಅಣುಗಳಲ್ಲಿ ಹೀಗೆ ಬಣ್ಣ ಆರಿಸಿಕೊಳ್ಳಬಹುದು. ಸಿಲಿಕಾನ್‌ನಲ್ಲಿ ಆಗದು. ಅರೆಪಾರದರ್ಶಕ ಕೋಶದ ಹಿಂದಿನ ಎಲೆಕ್ಟ್ರೋಡು ದಪ್ಪ ಕನ್ನಡಿಯಲ್ಲ, ಹತ್ತು ಹದಿನೈದು ನ್ಯಾನೋಮೀಟರ್ ಬೆಳ್ಳಿ. ಬೆಳಕು ಬಹುತೇಕ ಒಂದೇ ಸಲ ಹಾದುಹೋಗುತ್ತದೆ, ಹಾಗಾಗಿ ಹೀರಿಕೆ ನಿಜಕ್ಕೂ ಕಡಿಮೆ ಬೀಳುತ್ತದೆ. ಪದರವನ್ನು ದಪ್ಪ ಮಾಡಿದರೆ ಕೆಳಗೆ ಕತ್ತಲು. ಇಲ್ಲಿ 800 ನ್ಯಾನೋಮೀಟರ್ ಸುತ್ತ ಕುಣಿಯುವ, ಕವಚ ಹಾಕಿದ ಚಿನ್ನದ ಕಡ್ಡಿಗೆ ಕೆಲಸ ಇದೆ. ಪೂರ್ತಿ ಉಚಿತ ಲಾಭವೇನಲ್ಲ. ಚಿನ್ನದ ಕಡ್ಡಿಗೆ ಅಡ್ಡಡ್ಡ ಇನ್ನೊಂದು ಪ್ಲಾಸ್ಮಾನ್ ಇರುತ್ತದೆ, 520ರ ಹತ್ತಿರ. ಅದು ಸ್ವಲ್ಪ ಹಸಿರನ್ನು ಕದಿಯುತ್ತದೆ, ಕೆಳಗೆ ಬೀಳುವ ಬೆಳಕು ತುಸು ಕೆಂಪಾಗಬಹುದು.

ಸುರತ್ಕಲ್‌ನ ಎನ್‌ಐಟಿಕೆಯ ರಸಾಯನಶಾಸ್ತ್ರ ವಿಭಾಗದಲ್ಲಿ ಸೌರಕೋಶದ ಪಾಲಿಮರ್, ಬಣ್ಣದ ಅಣುಗಳ ಕೆಲಸ ಬಹಳ ವರ್ಷಗಳಿಂದ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಮಣಿಪಾಲದಲ್ಲಿ ವಸ್ತುವಿಜ್ಞಾನ ಓದಿಸುತ್ತಾರೆ. ಎನ್‌ಐಟಿಕೆಯ ಅಂಗಳ ದಾಟಿದರೆ ಕಡಲು. ಒಳನಾಡಿನ ಲ್ಯಾಬುಗಳಿಗೆ ಇಲ್ಲದ ಅನುಕೂಲ ಇದು. ಕೈಗಾರಿಕೆಯಲ್ಲಿ ಪ್ಯಾನೆಲ್‌ಗಳನ್ನು 85 ಡಿಗ್ರಿ ಬಿಸಿ, ಶೇ 85 ತೇವಾಂಶದ ಪೆಟ್ಟಿಗೆಯಲ್ಲಿ 1,000 ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ಆ ಪೆಟ್ಟಿಗೆಯಲ್ಲಿ ಉಪ್ಪಿಲ್ಲ, ಮೋಡ ಬಿಸಿಲಿನ ಆಟವಿಲ್ಲ. ಒಂದೇ ಬ್ಯಾಚಿನಲ್ಲಿ ನಾಲ್ಕು ಬಗೆಯ ಕೋಶ ಮಾಡಿ: ಸಾದಾ, ಚಿನ್ನದ್ದು, ಬೆಳ್ಳಿಯದ್ದು, ಸಿಲಿಕಾ ಕಣದ್ದು. ಎಲ್ಲಕ್ಕೂ ಒಂದೇ ಹೊದಿಕೆ. ಪ್ರತಿ ಬಗೆಯಲ್ಲಿ ಒಂದಲ್ಲ, ಹತ್ತಾರು ಇರಲಿ. ಮೇ ಕೊನೆಗೆ ಕಡಲಿಗೆ ಮುಖ ಮಾಡಿ ಹೊರಗಿಟ್ಟು, ಅಕ್ಟೋಬರ್‌ವರೆಗೆ ಅವು ಒಟ್ಟು ಕೊಟ್ಟ ವಾಟ್-ಗಂಟೆ ಬರೆದಿಡಿ. ಮೊದಲ ದಿನದ ದಕ್ಷತೆಯನ್ನು ಪ್ರಬಂಧದ ತಲೆಬರಹಕ್ಕೆ ಹಾಕಬೇಡಿ, ಕೊನೆಯ ಮೊತ್ತವನ್ನು ಹಾಕಿ.